ಪಟ್ಟಿಯಲ್ಲಿಲ್ಲದ ಬೋರು

ಬೋರು ಕೊರೆಯುತ್ತಿದ್ದೇನೆ ಅಂದರೆ
ಪಕ್ಕದ ಶೆಡ್ಡಿನ ಚಿಕ್ಕಹೊನ್ನಯ್ಯ
ನೀರು ಎಷ್ಟು ಅಡಿಗೆ ಸಿಕ್ತು ಅಂತಾನೆ.
ಊರೇ ಹಾಗೆ. ರಾಜಾಜಿನಗರದ ಈ ಗಲ್ಲಿಯಲ್ಲಿ
ಬೋರು ಅಂದರೆ ಒಂಬೈನೂರು ಅಡಿ, ಕೆಸರು, ಸಾಲ.
ನನ್ನದು ಕಿರುಬೆರಳೂ ಹೋಗದ ತೂತು,
ಬೆಳಕು ಒಳಹೊಕ್ಕರೆ ಉಂಗುರವಾಗಿ ಕೂರುತ್ತದೆ.
ಕೋವಿಯಲ್ಲ ಕಣಯ್ಯ, ಅಚ್ಚು.
ಹಿತ್ತಾಳೆ ಕೊಳವೆಯ ಕತ್ತು ಹಿಸುಕುವ ಅಚ್ಚು.

ಮಾಡಿಸುವವರು ಕುಕ್ ಟೌನಿನ ಹೋಬರ್ಟ್ ಸಾಹೇಬರು.
ರೈಲ್ವೆ ಸಿಗ್ನಲ್ಲಿನಲ್ಲಿ ಮೂವತ್ತೊಂದು ವರ್ಷ,
ಈಗ ಭಾನುವಾರ ಭಾನುವಾರ ಕಾಗದಕ್ಕೆ ಗುಂಡು.
'ಜೀವ ತೆಗೆಯೋದಿಲ್ಲ ನಾನು, ಕಾಗದ ಮಾತ್ರ'
ಅನ್ನುವಾಗ ಅವರ ಮೀಸೆ ನಾಚುತ್ತದೆ.
ಅಂಗಡಿಯ ಯಾವ ತೋಟೆಯೂ ಅವರಿಗೆ ಒಗ್ಗದು,
ಒಂದರ ಹೆಗಲು ಇಳಿಜಾರು, ಇನ್ನೊಂದರ ಕತ್ತು ಗಿಡ್ಡ,
ಹೆಣ್ಣು ನೋಡಲು ಹೋದ ಸೋದರತ್ತೆಯ ಹಾಗೆ
ನೂರು ಕೊಂಕು.
ಕೊನೆಗೆ ತಾವೇ ಬರೆದು ತಂದರು
ಸೀಸದ ಕಡ್ಡಿಯಲ್ಲಿ ಒಂದು ದೇಹ:
ಅಗಲ ಸೊಂಟ, ಚೂಪು ಹೆಗಲು, ಪುಟ್ಟ ಬಾಯಿ.
ಇಂಥದಕ್ಕೆ ಇಂಗ್ಲಿಷಿನವರು ಕಾಡುಬೆಕ್ಕು ಅಂತಾರಂತೆ.
ಕಾಡತೂಸಿನಲ್ಲಿ ಎಲ್ಲಿಯ ಕಾಡು ಅಂತಿದ್ದೆ,
ಬೆಕ್ಕೂ ಬಂದು ಸೇರಿತು.

ಮೊದಲನೆಯದು ಹೆಗಲಲ್ಲಿ ಕುಸಿಯಿತು.
ಎರಡನೆಯದು ಸೀಳಿತು, ಕೂದಲೆಳೆಯಷ್ಟು.
ಮೂರನೆಯದಕ್ಕೆ ಎಣ್ಣೆ ಹೆಚ್ಚಾಗಿ
ಕೆನ್ನೆಯಲ್ಲಿ ಗುಳಿ ಬಿತ್ತು, ನಗುವ ಮಗುವಿನಂತೆ.
ಕೈಯ ಅವಸರ ಲೋಹಕ್ಕೆ ತಿಳಿದುಬಿಡುತ್ತದೆ.
ಆಮೇಲೆ ಒಂದು ರಾತ್ರಿ ದೀಪ ಆರಿಸಿ
ಕತ್ತನ್ನಷ್ಟೇ ಉರಿಗೆ ಹಿಡಿದೆ.
ಅರಿಸಿನ ನೇರಳೆಯ ಕಡೆಗೆ ಹೊರಳುವ
ಆ ಒಂದು ಉಸಿರು,
ನೀರಿಗೆ ಬಿಟ್ಟೆ. ಚುಂಯ್.
ಹದಿನೇಳನೆಯದು ನಿಂತಿತು.

ಸಾಹೇಬರು ತಕ್ಕಡಿ ಹೊತ್ತು ಬಂದರು,
ಅವೆನ್ಯೂ ರಸ್ತೆಯಲ್ಲಿ ಅಂಗಡಿ ಮುಚ್ಚಿದ
ಅಕ್ಕಸಾಲಿ ರುಕ್ಮಾಂಗದಾಚಾರಿಯದು.
ಮದ್ದು ಇನ್ನೂ ಇಲ್ಲ. ಖಾಲಿ ಕೊಳವೆಗಳನ್ನೇ ತೂಗಿದರು,
ಒಂದರ ಎದುರು ಒಂದು, ಫ್ಯಾನು ನಿಲ್ಲಿಸಿ, ಉಸಿರು ಹಿಡಿದು.
ಅರ್ಧ ಗುಲಗಂಜಿ ಹೆಚ್ಚಿದ್ದಕ್ಕೆ ಬೇರೆ ಡಬ್ಬಿ.
ಆಚಾರಿಯ ಗುಲಗಂಜಿಗಳೂ ಇದ್ದವು ಪೆಟ್ಟಿಗೆಯ ಮೂಲೆಯಲ್ಲಿ,
ಕೆಂಪು ಮೈ, ನೆತ್ತಿಯಲ್ಲಿ ಕಪ್ಪು,
ತಮ್ಮನ್ನು ಯಾರೂ ತೂಗಲಾರರು ಎಂಬಂತೆ.

ಇನ್‌ಫೆಂಟ್ರಿ ರಸ್ತೆಯ ಕಚೇರಿಯಲ್ಲಿ
ಗುಮಾಸ್ತೆ ವನಮಾಲಾ ಅರ್ಜಿ ತಿರುವಿ ಹಾಕಿ
ಬೋರು ಯಾವುದು ಅಂದರು.
ಸಾಹೇಬರು ಚಿತ್ರ ತೋರಿಸಿದರು.
ಚೆನ್ನಾಗಿದೆ. ಹೆಸರು?
ಇಟ್ಟಿಲ್ಲ ಮೇಡಂ, ಲೋಕದಲ್ಲಿ ಇದೊಂದೇ.
ಪಟ್ಟಿಯಲ್ಲಿ ಇಲ್ಲದ್ದು ಹುಟ್ಟೇ ಇಲ್ಲ ಸಾರ್.
ಕೋಪವಿಲ್ಲದೆ ಹೇಳಿದರು, ಟೀ ಕೂಡ ತರಿಸಿದರು.
ಎಂಟು ತಿಂಗಳು. ಮೂರು ಮೊಹರು.
ಒಂದು 'ಪರಿಶೀಲನೆಯಲ್ಲಿದೆ', ಆಮೇಲೆ ಅದೂ ಇಲ್ಲ.
ಅಷ್ಟು ವರ್ಷ ಕಾಗದಕ್ಕೆ ಹೊಡೆದಿದ್ದರಲ್ಲ,
ಕಾಗದ ತಿರುಗಿ ನಿಂತಿತು.

ಮದ್ದು ಸುರಿಯಲಿಲ್ಲ, ಗುಂಡು ಕೂರಲಿಲ್ಲ.
ಅಚ್ಚಿಗೆ ಗ್ರೀಸು ಬಳಿದು ಬಟ್ಟೆ ಸುತ್ತಿಟ್ಟೆ.
ಕೆಟ್ಟವು ಒಳ್ಳೆಯವು ಸೇರಿ ನಲವತ್ತು ಕೊಳವೆ
ಬಿಸ್ಕತ್ತಿನ ಡಬ್ಬಿಯಲ್ಲಿ.
ದುಡ್ಡು ಪೂರಾ ಕೊಟ್ಟರು, ಚೌಕಾಸಿಯಿಲ್ಲದೆ.
ಅದೇ ಬೇಜಾರು.

ನಿನ್ನೆ ಚಿಕ್ಕಹೊನ್ನಯ್ಯನ ಮೊಮ್ಮಗಳು
ಡಬ್ಬಿಯಿಂದ ಒಂದನ್ನೆತ್ತಿ
ತುಟಿಯ ಅಂಚಿಗಿಟ್ಟು ಊದಿದಳು.
ಯಾವ ಖಾಲಿ ತೋಟೆಯೂ ಸಿಳ್ಳೆ ಹಾಕೀತು.
ಇದರದು ಬೇರೆ, ತೆಳ್ಳಗೆ, ಎತ್ತರಕ್ಕೆ,
ಲೇತು ತಿರುಗುತ್ತಿದ್ದರೂ ಕೇಳಿಸುವಂಥದು.
ಸಾಹೇಬರಿಗೆ ಫೋನು ಹಚ್ಚಿ ಅವಳ ಮುಂದೆ ಹಿಡಿದೆ.
ಆ ಕಡೆ ಸದ್ದಿಲ್ಲ.
ಆಮೇಲೆ ಕೆಮ್ಮಿ ಕೇಳಿದರು:
ಎಷ್ಟನೆಯದು ಅದು?
ಬುಡದಲ್ಲಿ ನಾನೇ ಕೊರೆದ ಅಂಕಿಯನ್ನು
ಕನ್ನಡಕ ಏರಿಸಿ ಓದಿದೆ.
ಮೂರು ಸಾರ್.
ಕೆನ್ನೆಗುಳಿಯದು.